ಹೆಸರಿನೊಳಗಿನ ಊರು: ಐರ್ಲೆಂಡಿನ ಸ್ಥಳನಾಮಗಳ ಕಥೆ

ಒಂದು ಊರಿನ ಹೆಸರೇ ಆ ಊರಿನ ಮೊದಲ ಚರಿತ್ರೆ ಪುಸ್ತಕ. ಆದರೆ ಅದನ್ನು ಓದಬೇಕಾದರೆ ಹೆಸರಿಟ್ಟವರ ಭಾಷೆ ಗೊತ್ತಿರಬೇಕು. ಭಾಷೆ ಮರೆತುಹೋದರೆ ಹೆಸರು ಬರೀ ಸದ್ದಾಗಿ ಉಳಿಯುತ್ತದೆ. ಇದಕ್ಕೆ ಐರ್ಲೆಂಡ್ ಒಂದು ಒಳ್ಳೆಯ ಉದಾಹರಣೆ.

ಐರಿಷ್ ಭಾಷೆಯಲ್ಲಿ ‘ದುವ್’ ಎಂದರೆ ಕಪ್ಪು, ‘ಲಿನ್’ ಎಂದರೆ ಮಡು. ರಾಜಧಾನಿ ಡಬ್ಲಿನ್ ಎಂದರೆ ಕಪ್ಪು ಮಡು. ಡೆರಿ ಎಂದರೆ ಓಕ್ ಮರಗಳ ತೋಪು. ಕಿಲ್ಡೇರ್ ಎಂದರೆ ಓಕ್ ಮರದ ಚರ್ಚು. ನಕ್ಷೆಯಲ್ಲಿ ಹೆಜ್ಜೆಹೆಜ್ಜೆಗೂ ಕಾಣುವ ‘ಬ್ಯಾಲಿ’ ಎಂಬುದಕ್ಕೆ ಸಾಮಾನ್ಯವಾಗಿ ಊರು ಎಂದರ್ಥ.

ಹೆಸರುಗಳ ಹಿಂದಿನ ಕಥೆಗಳನ್ನು ಐರಿಷ್ ಪಂಡಿತರು ಮಧ್ಯಯುಗದಲ್ಲೇ ಬರೆದಿಟ್ಟರು. ನಾವು ಸ್ಥಳಪುರಾಣ ಎನ್ನುತ್ತೇವಲ್ಲ, ಅಂಥದ್ದೇ ಇದು. ಆರ್ಮಾ ಪಟ್ಟಣದ ಹತ್ತಿರ ‘ಎವಿನ್ ಮಾಖಾ’ ಎಂಬ ಪ್ರಾಚೀನ ದಿಬ್ಬವಿದೆ. ಮಾಖಾ ಎಂಬಾಕೆ ರಾಜನ ಕುದುರೆಗಳಿಗಿಂತ ವೇಗವಾಗಿ ಓಡಬಲ್ಲಳೆಂದು ಆಕೆಯ ಗಂಡ ಜಂಬ ಕೊಚ್ಚಿದನಂತೆ. ಆಕೆ ತುಂಬು ಗರ್ಭಿಣಿ. ಹೆರಿಗೆಯಾಗುವವರೆಗೆ ತಾಳಿ ಎಂದು ಬೇಡಿಕೊಂಡರೂ ರಾಜ ಕೇಳಲಿಲ್ಲ. ಆಕೆ ಓಡಿ ಗೆದ್ದಳು, ಅಲ್ಲೇ ಅವಳಿ ಮಕ್ಕಳನ್ನು ಹೆತ್ತಳು, ‘ಕಷ್ಟಕಾಲದಲ್ಲಿ ನಿಮ್ಮ ವೀರರಿಗೆ ಹೆರಿಗೆ ನೋವು ಬರಲಿ’ ಎಂದು ಶಪಿಸಿದಳು. ಎವಿನ್ ಮಾಖಾ ಎಂದರೆ ಮಾಖಾಳ ಅವಳಿಗಳು ಎನ್ನುತ್ತದೆ ಕಥೆ. ಇದು ಇತಿಹಾಸವಲ್ಲ. ಆದರೆ ಒಂದು ಅನ್ಯಾಯವನ್ನು ಜನ ಊರಿನ ಹೆಸರಿಗೇ ಕಟ್ಟಿ ನೆನಪಿಟ್ಟರು ಎಂಬುದು ಗಮನಾರ್ಹ.

1824ರಲ್ಲಿ ಬ್ರಿಟಿಷ್ ಸರ್ಕಾರ ಐರ್ಲೆಂಡಿನ ಭೂಮಾಪನ ಆರಂಭಿಸಿತು. ಉದ್ದೇಶ ತೆರಿಗೆ. 60 ಸಾವಿರಕ್ಕೂ ಹೆಚ್ಚು ಸಣ್ಣ ಸಣ್ಣ ಗ್ರಾಮಭಾಗಗಳ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಬೇಕಿತ್ತು. ಐರಿಷ್‌ನಲ್ಲಿ ‘ಕಿಲ್’ ಎಂದರೆ ಚರ್ಚು, ‘ಕ್ವಿಲ್’ ಎಂದರೆ ಕಾಡು. ಇಂಗ್ಲಿಷ್ ಬರಹದಲ್ಲಿ ಎರಡೂ ಹಲವು ಕಡೆ ‘ಕಿಲ್’ ಆದವು. ಹೀಗಾಗಿ ಒಂದು ಕಡೆ ಕಿಲ್ಮೋರ್ ಎಂದರೆ ದೊಡ್ಡ ಚರ್ಚು, ಇನ್ನೊಂದು ಕಡೆ ದೊಡ್ಡ ಕಾಡು! ಒಂದು ಭಾಷೆಯ ಹೆಸರನ್ನು ಇನ್ನೊಂದರ ಲಿಪಿಯಲ್ಲಿ ಬರೆಸುವ ನಮ್ಮಂಥ ಶಿಕ್ಷಕರಿಗೆ ಈ ತೊಡಕು ಹೊಸದಲ್ಲ.

ಈ ತೊಡಕು ಬಿಡಿಸಲು 1830ರಲ್ಲಿ ಜಾನ್ ಓ’ಡೊನೊವನ್ ಎಂಬ ವಿದ್ವಾಂಸನನ್ನು ನೇಮಿಸಲಾಯಿತು. ಆತ ಹಳೆಯ ಹಸ್ತಪ್ರತಿಗಳನ್ನು ಓದಿ ಅಷ್ಟಕ್ಕೇ ನಿಲ್ಲಲಿಲ್ಲ. ಜಿಲ್ಲೆ ಜಿಲ್ಲೆ ತಿರುಗಿ, ಐರಿಷ್ ಬಲ್ಲ ಹಿರಿಯರ ಬಾಯಿಂದ ಹೆಸರನ್ನು ಕೇಳಿ, ಅದರ ಮೂಲರೂಪ ಮತ್ತು ಅರ್ಥವನ್ನು ಬರೆದುಕೊಂಡ. ನಕ್ಷೆಯ ಮೇಲೆ ಅಚ್ಚಾದದ್ದು ಇಂಗ್ಲಿಷ್ ರೂಪವೇ. ಅರ್ಥ ಮಾತ್ರ ಆತನ ಟಿಪ್ಪಣಿ ಪುಸ್ತಕಗಳಲ್ಲಿ ಉಳಿಯಿತು.

ಇಡೀ ದೇಶದ ನಕ್ಷೆ ಮುಗಿದದ್ದು 1846ರಲ್ಲಿ. ಅಷ್ಟರಲ್ಲಿ, 1845ರಿಂದಲೇ, ಆಲೂಗಡ್ಡೆ ಬೆಳೆಗೆ ರೋಗ ತಗುಲಿ ಮಹಾಕ್ಷಾಮ ಶುರುವಾಗಿತ್ತು. ಸುಮಾರು 10 ಲಕ್ಷ ಜನ ಸತ್ತರು, ಅಷ್ಟೇ ಮಂದಿ ಅಥವಾ ಇನ್ನೂ ಹೆಚ್ಚು ಜನ ದೇಶ ಬಿಟ್ಟರು. ಹೆಚ್ಚು ಪೆಟ್ಟು ತಿಂದವರು ಐರಿಷ್ ಮಾತಾಡುವ ಬಡವರೇ. 1851ರಲ್ಲಿ ಸುಮಾರು 15 ಲಕ್ಷವಿದ್ದ ಐರಿಷ್ ಬಲ್ಲವರು 1911ಕ್ಕೆ 6 ಲಕ್ಷಕ್ಕಿಂತ ಕಡಿಮೆಯಾದರು. ಓ’ಡೊನೊವನ್ ಇಪ್ಪತ್ತು ವರ್ಷ ತಡವಾಗಿ ಹೋಗಿದ್ದರೆ ಎಷ್ಟೋ ಊರುಗಳಲ್ಲಿ ಉತ್ತರ ಹೇಳುವವರೇ ಇರುತ್ತಿರಲಿಲ್ಲ.

ಆ ಟಿಪ್ಪಣಿಗಳ ನೆರವಿನಿಂದ ಪಿ. ಡಬ್ಲ್ಯೂ. ಜಾಯ್ಸ್ ಎಂಬ ಶಾಲಾ ಶಿಕ್ಷಕ 1869ರಲ್ಲಿ ಸ್ಥಳನಾಮಗಳ ಬಗ್ಗೆ ದೊಡ್ಡ ಗ್ರಂಥವನ್ನೇ ಪ್ರಕಟಿಸಿದರು. ಮುಂದೆ ಅವರು ಶಿಕ್ಷಕರ ತರಬೇತಿ ಕಾಲೇಜಿನ ಮುಖ್ಯಸ್ಥರಾದರು.

ಜನರನ್ನು ಕೇಳದೆ ಹಳೆಯ ಹೆಸರನ್ನು ಮರಳಿ ತರುವುದೂ ಸುಲಭವಲ್ಲ. 2005ರಲ್ಲಿ ಸರ್ಕಾರ ಡಿಂಗಲ್ ಪಟ್ಟಣಕ್ಕೆ ‘ಆನ್ ಡ್ಯಾಂಗನ್’ ಎಂಬ ಐರಿಷ್ ಹೆಸರನ್ನಷ್ಟೇ ಅಧಿಕೃತಗೊಳಿಸಿತು. ಊರಿನವರು ಒಪ್ಪಲಿಲ್ಲ. 2006ರಲ್ಲಿ ಮತ ಹಾಕಿ ವಿರೋಧಿಸಿದರು. 2011ರಲ್ಲಿ ಕಾನೂನೇ ಬದಲಾಗಿ ಡಿಂಗಲ್ ಎಂಬ ಹೆಸರಿಗೂ ಮಾನ್ಯತೆ ಸಿಕ್ಕಿತು.

ವಿದ್ಯಾರ್ಥಿ ಮಿತ್ರರೇ, ಹೆಸರು ನಕ್ಷೆಯಲ್ಲಿ ಉಳಿಯುತ್ತದೆ, ಅರ್ಥ ಉಳಿಯುವುದು ಹಿರಿಯರ ನಾಲಿಗೆಯ ಮೇಲೆ. ನಿಮ್ಮೂರಿನ ಕೆರೆಗೆ, ಹೊಲಕ್ಕೆ, ಓಣಿಗೆ ಆ ಹೆಸರು ಏಕೆ ಬಂತೆಂದು ಈ ರಜೆಯಲ್ಲಿ ನಿಮ್ಮ ದಾದಾ-ದಾದಿಯನ್ನು ಕೇಳಿ. ಕೇಳಿದ್ದನ್ನು ಅಂದೇ ಬರೆದಿಡಿ.