ಸಾಬೂನಿನ ಸನ್ನದು

ಇಂಗ್ಲೆಂಡಿನ ಎಲಿಜಬೆತ್ ರಾಣಿಯು ಉಪ್ಪು, ಬಟ್ಟೆಗೆ ಹಾಕುವ ಗಂಜಿ, ಇಸ್ಪೀಟು ಮೊದಲಾದ ಪದಾರ್ಥಗಳ ಏಕಸ್ವಾಮ್ಯವನ್ನು ತನಗೆ ಬೇಕಾದವರಿಗೆ ಸನ್ನದಿನ ಮೂಲಕ ದಯಪಾಲಿಸುತ್ತಿದ್ದಳು. 1601ರಲ್ಲಿ ಪಾರ್ಲಿಮೆಂಟು ಇದನ್ನು ಪ್ರತಿಭಟಿಸಲು, ಕೆಲವನ್ನು ಹಿಂದೆಗೆದುಕೊಂಡಳು. 1624ರ ಶಾಸನವು ಏಕಸ್ವಾಮ್ಯಗಳನ್ನು ನಿಷೇಧಿಸಿ, ಹೊಸ ವಸ್ತುವನ್ನು ನಿರ್ಮಿಸಿದವರಿಗೆ ಮಾತ್ರ 14 ವರ್ಷಗಳ ಹಕ್ಕನ್ನು ಉಳಿಸಿತು. ಆದರೆ ನಗರಗಳಿಗೂ ವೃತ್ತಿಸಂಘಗಳಿಗೂ ಅದರಲ್ಲಿ ವಿನಾಯಿತಿಯಿದ್ದಿತು.

ಒಂದನೆಯ ಚಾರ್ಲ್ಸ್ ದೊರೆಯು ಈ ಸಂದಿಯಲ್ಲಿಯೇ ನುಸುಳಿದನು. ಪಾರ್ಲಿಮೆಂಟನ್ನು ಕರೆಯದೆ ಆಳುತ್ತಿದ್ದ ಆತನಿಗೆ ಹಣ ಬೇಕಾಗಿದ್ದಿತು. 1630ರ ದಶಕದಲ್ಲಿ ವೆಸ್ಟ್‌ಮಿನ್‌ಸ್ಟರಿನ ಸಾಬೂನು ಸಂಘವೊಂದು, ಟನ್ನಿಗೆ 4 ಪೌಂಡು ಸಲ್ಲಿಸಲು ಒಪ್ಪಿ ಸನ್ನದನ್ನು ಪಡೆಯಿತು. ಆ ಹೊರೆಯು ಕಡೆಗೆ ಬಟ್ಟೆ ಒಗೆಯುವವರ ಮೇಲೆಯೇ ಬಿದ್ದಿತು. ಅಗಸಗಿತ್ತಿಯರು ಹೊಸ ಸಾಬೂನನ್ನು ಹಳಿದರು. ಎದುರು ನಿಂತ ಲಂಡನ್ನಿನ ಹಳೆಯ ಕಸಬುದಾರರು ಸೆರೆಮನೆ ಕಂಡರು.

ಆಮೇಲೆ ನಡೆದುದು ವಿಚಿತ್ರವಾಗಿದೆ. 1637ರಲ್ಲಿ ಆ ಲಂಡನ್ನಿನವರೇ ಹಣ ತೆತ್ತು ಏಕಸ್ವಾಮ್ಯವನ್ನು ತಾವು ಕೊಂಡರು! ಪೆಟ್ಟು ತಿಂದ ವರ್ತಕನೇ, ಅವಕಾಶ ದೊರೆತೊಡನೆ, ಇತರರಿಗೆ ಬಾಗಿಲನ್ನು ಮುಚ್ಚಿದನು.

ಆದುದರಿಂದ ಕೊಳ್ಳುವವರ ಹಿತವನ್ನು ವರ್ತಕರ ಜಗಳಕ್ಕೆ ಬಿಡುವಂತಿಲ್ಲ. ಬಾಗಿಲನ್ನು ತೆರೆದಿಡುವ ಹೊಣೆ ಸರಕಾರದ್ದು. ಸರಕಾರವೇ ಲಾಭದ ಪಾಲುಗಾರನಾದರೆ, ಮಾನ್ಯ ಶ್ರೋತೃಗಳೇ, ಕಾವಲಿರುವವರು ಯಾರು?