ಜಾಲ ನಿರ್ವಹಣಾ ಸರ್ವರ್‌ನ ಡಿಸ್ಕ್ ಸ್ಥಳ
ಜಾಲ ನಿರ್ವಹಣಾ ಸರ್ವರ್ ಎಂಬುದು ರೂಟರ್, ಸ್ವಿಚ್ ಮೊದಲಾದ ಸಾಧನಗಳ ಸ್ಥಿತಿಯನ್ನು ಸತತವಾಗಿ ವಿಚಾರಿಸಿ ದಾಖಲಿಸುವ ಗಣಕಯಂತ್ರ. ಕರ್ನಾಟಕ ರಾಜ್ಯ ಸರ್ಕಾರದ ಜಾಲವಾದ ಕೆಸ್ವಾನ್ ಬೆಂಗಳೂರನ್ನು ರಾಯಚೂರಿನಂತಹ ಜಿಲ್ಲಾ ಕೇಂದ್ರಗಳಿಗೂ ದೇವದುರ್ಗ, ಮಾನ್ವಿಯಂತಹ ತಾಲ್ಲೂಕು ಕೇಂದ್ರಗಳಿಗೂ ಜೋಡಿಸುತ್ತದೆ. ಇಷ್ಟು ವಿಸ್ತಾರವಾದ ಜಾಲದಲ್ಲಿ ದೂರದ ಕೊಂಡಿ ಕಡಿದುದನ್ನು ಮೊದಲು ತಿಳಿಸಬೇಕಾದುದು ಇಂಥ ಸರ್ವರೇ.

ಐದು ನಿಮಿಷಕ್ಕೊಮ್ಮೆ ಪಡೆಯುವ ಒಂದೇ ಅಳತೆಯು ದಿನಕ್ಕೆ 288, ವರ್ಷಕ್ಕೆ 1,05,120 ದಾಖಲೆಗಳಾಗಿ ಬೆಳೆಯುತ್ತದೆ. ಇದರೊಡನೆ ಸಾಧನಗಳು ಕಳುಹಿಸುವ ಲಾಗ್‌ಗಳೂ ಸೇರುತ್ತವೆ. ಡಿಸ್ಕ್ ತುಂಬಿದಾಗ ಡೇಟಾಬೇಸ್‌ಗೆ ಹೊಸದನ್ನು ಬರೆಯಲಾಗದು. ಆಗ ಮಾನ್ವಿಯ ಸಂಪರ್ಕ ನಿಂತಿದ್ದರೂ ಪರದೆಯ ಮೇಲೆ ಹಿಂದಿನ ಸುಸ್ಥಿತಿಯೇ ಉಳಿದಿರಬಹುದು. ಯಂತ್ರ ಕೆಟ್ಟು ನಿಲ್ಲುವುದಕ್ಕಿಂತ ಈ ಮೌನ ಹೆಚ್ಚು ಅಪಾಯಕರ.

ಲಿನಕ್ಸ್‌ನಲ್ಲಿ ‘ಡಿಎಫ್’ ಆದೇಶವು ಉಳಿದ ಸ್ಥಳವನ್ನೂ ‘ಡಿಯು’ ಆದೇಶವು ಯಾವ ಕಡತಕೋಶ ಎಷ್ಟು ಬಳಸಿದೆ ಎಂಬುದನ್ನೂ ತೋರಿಸುತ್ತವೆ. ಲಾಗ್ ಕಡತವನ್ನು ಅಳಿಸಿದ ಮಾತ್ರಕ್ಕೆ ಸ್ಥಳ ದೊರೆಯದು. ಅದನ್ನು ತೆರೆದಿಟ್ಟುಕೊಂಡ ತಂತ್ರಾಂಶವು ಅದನ್ನು ಮುಚ್ಚಬೇಕು. ‘ಲಾಗ್‌ರೊಟೇಟ್’ ಉಪಕರಣವು ಹಳೆಯ ಲಾಗ್‌ಗಳನ್ನು ನಿಯತವಾಗಿ ಬೇರ್ಪಡಿಸಿ ಕುಗ್ಗಿಸುತ್ತದೆ. ಆದರೆ ಮನಬಂದಂತೆ ಅಳಿಸಲು ಅವಕಾಶವಿಲ್ಲ: ಸರ್ಟ್-ಇನ್ ಸಂಸ್ಥೆಯ 2022ರ ಏಪ್ರಿಲ್ 28ರ ನಿರ್ದೇಶನವು ಲಾಗ್‌ಗಳನ್ನು 180 ದಿನ ಕಾಪಾಡಬೇಕೆನ್ನುತ್ತದೆ. ಆದುದರಿಂದ ಅವನ್ನು ಮೊದಲು ಬೇರೆ ಸಂಗ್ರಹಕ್ಕೆ ಸಾಗಿಸಿ, ಪ್ರತಿ ಸರಿಯಿದೆಯೇ ಎಂದು ಪರೀಕ್ಷಿಸಿದ ನಂತರವೇ ಸರ್ವರ್‌ನಿಂದ ತೆಗೆಯಲಾಗುತ್ತದೆ.