ವಿಡಿಯೋ ಆಟಗಳಲ್ಲಿ ಟೈಪ್ ೧೦೦ ಸಬ್‌ಮಷೀನ್ ಗನ್

ಟೈಪ್ ೧೦೦ ಎಂಬುದು ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಪಾನ್ ಸಾಮ್ರಾಜ್ಯದ ಭೂಸೇನೆಯು ಬಳಸಿದ ಸಬ್‌ಮಷೀನ್ ಗನ್. ಜಪಾನಿನಲ್ಲಿಯೇ ರೂಪುಗೊಂಡು ಗಮನಾರ್ಹ ಪ್ರಮಾಣದಲ್ಲಿ ತಯಾರಾದ ಏಕೈಕ ಸಬ್‌ಮಷೀನ್ ಗನ್ ಇದಾಗಿದೆ. ಇದು ೮×೨೨ ಮಿ.ಮೀ. ನಂಬು ತೋಟಾವನ್ನು ಹಾರಿಸುತ್ತದೆ. ಮೆಡಲ್ ಆಫ್ ಆನರ್: ಪೆಸಿಫಿಕ್ ಅಸಾಲ್ಟ್ (೨೦೦೪), ಕಾಲ್ ಆಫ್ ಡ್ಯೂಟಿ: ವರ್ಲ್ಡ್ ಅಟ್ ವಾರ್ (೨೦೦೮) ಹಾಗೂ ಬ್ಯಾಟಲ್‌ಫೀಲ್ಡ್ ೫ (೨೦೧೮) ಮೊದಲಾದ ವಿಡಿಯೋ ಆಟಗಳಲ್ಲಿ ಈ ಆಯುಧವು ಕಾಣಿಸಿಕೊಂಡಿದೆ. ಆಟಗಳಲ್ಲಿ ಇದರ ಬಾಹ್ಯರೂಪವನ್ನು ಬಹುಮಟ್ಟಿಗೆ ಸರಿಯಾಗಿ ಚಿತ್ರಿಸಲಾಗಿದೆಯಾದರೂ, ಮದ್ದುಗುಂಡಿನ ಶಕ್ತಿ ಮತ್ತು ಲಭ್ಯತೆಯ ವಿಷಯದಲ್ಲಿ ಅವು ಇತಿಹಾಸದಿಂದ ದೂರ ಸರಿಯುತ್ತವೆ.

ಹೆಸರು ಮತ್ತು ಹಿನ್ನೆಲೆ

ಕ್ರಿ.ಶ. ೧೯೪೦ನೆಯ ವರ್ಷವು ಜಪಾನಿನ ಸಾಮ್ರಾಜ್ಯ ಶಕೆಯ ೨೬೦೦ನೆಯ ವರ್ಷ. ಆ ವರ್ಷ ಅಂಗೀಕೃತವಾದ ಆಯುಧಗಳಿಗೆ ಭೂಸೇನೆಯು '೧೦೦' ಎಂದೂ ನೌಕಾಸೇನೆಯು '೦' ಎಂದೂ ಅಂಕಿತವಿಟ್ಟವು. ನೌಕಾಸೇನೆಯ ಪ್ರಸಿದ್ಧ ಝೀರೋ ಯುದ್ಧವಿಮಾನದ ಹೆಸರಿನ ಮೂಲವೂ ಇದೇ. ಈ ಗನ್ನನ್ನು ಕಿಜಿರೋ ನಂಬು ಅವರ ಹೆಸರಿನ ನಂಬು ಶಸ್ತ್ರಾಸ್ತ್ರ ಸಂಸ್ಥೆಯು ವಿನ್ಯಾಸಗೊಳಿಸಿತು. ಅಂಗೀಕಾರ ದೊರೆತರೂ ತಯಾರಿಕೆಯು ಆರಂಭವಾದದ್ದು ೧೯೪೨ರಲ್ಲಿ.

ಇದಕ್ಕೂ ಮೊದಲು ಜಪಾನಿನ ನೌಕಾಸೇನೆಯ ಭೂದಳಗಳು ಸ್ವಿಟ್ಜರ್ಲೆಂಡಿನಲ್ಲಿ ತಯಾರಾದ ಬರ್ಗ್‌ಮನ್ ಮಾದರಿಯ ಸಬ್‌ಮಷೀನ್ ಗನ್ನುಗಳನ್ನು ಬಳಸುತ್ತಿದ್ದವು. ಅವುಗಳ ತೋಟಾ ೭.೬೩ ಮಿ.ಮೀ. ಮೌಸರ್. ಆದ್ದರಿಂದ 'ಜಪಾನಿ ಸಬ್‌ಮಷೀನ್ ಗನ್ನಿನ ಗುಂಡು' ಎಂದರೆ ಯಾವಾಗಲೂ ಒಂದೇ ಬಗೆಯದೆಂದು ಭಾವಿಸಲಾಗದು.

ತೋಟಾದ ಸ್ವರೂಪ

ನಂಬು ತೋಟಾವು ಮೂಲತಃ ಪಿಸ್ತೂಲಿಗಾಗಿ ರೂಪುಗೊಂಡದ್ದು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ನಂಬು ಪಿಸ್ತೂಲಿನೊಂದಿಗೆ ಬಳಕೆಗೆ ಬಂದ ಇದನ್ನು ಮುಂದೆ ಟೈಪ್ ೧೪ ಮತ್ತು ಟೈಪ್ ೯೪ ಪಿಸ್ತೂಲುಗಳಲ್ಲಿಯೂ ಉಪಯೋಗಿಸಲಾಯಿತು. ಸೀಸೆಯ ಕತ್ತಿನಂತೆ ತುದಿಯಲ್ಲಿ ಕಿರಿದಾಗುವ ಕವಚವು ಇದರ ಗುರುತು. ಗುಂಡಿನ ತೂಕ ಸುಮಾರು ೬.೬ ಗ್ರಾಂ. ಪಿಸ್ತೂಲಿನಿಂದ ಹೊರಡುವಾಗ ಅದರ ವೇಗ ಸೆಕೆಂಡಿಗೆ ಸುಮಾರು ೨೯೦ ಮೀಟರ್. ಟೈಪ್ ೧೦೦ರ ಉದ್ದವಾದ ನಳಿಗೆಯಿಂದ ಸುಮಾರು ೩೩೫ ಮೀಟರ್.

ಸಮಕಾಲೀನ ತೋಟಾಗಳೊಡನೆ ಹೋಲಿಸಿದರೆ ಇದರ ಸ್ಥಾನ ಸ್ಪಷ್ಟವಾಗುತ್ತದೆ. ಅಮೆರಿಕದ ಥಾಂಪ್ಸನ್ ಗನ್ ಬಳಸುತ್ತಿದ್ದ .೪೫ ತೋಟಾದ ಗುಂಡು ಸುಮಾರು ೧೫ ಗ್ರಾಂ ತೂಗುತ್ತದೆ. ಜರ್ಮನಿಯ ಎಂಪಿ ೪೦ರಲ್ಲಿ ಬಳಕೆಯಾದ ೯ ಮಿ.ಮೀ. ಪ್ಯಾರಾಬೆಲಮ್ ಗುಂಡು ಸುಮಾರು ೮ ಗ್ರಾಂ ತೂಕದ್ದಾಗಿದ್ದು ಹೆಚ್ಚಿನ ವೇಗದಲ್ಲಿ ಚಲಿಸುತ್ತದೆ. ಇವೆರಡರ ಚಲನಶಕ್ತಿಯೂ ೫೦೦ ಜೂಲ್‌ನ ಆಸುಪಾಸಿನಲ್ಲಿದೆ. ನಂಬು ಗುಂಡಿನದು ಪಿಸ್ತೂಲಿನಲ್ಲಿ ಸುಮಾರು ೨೮೦ ಜೂಲ್, ಟೈಪ್ ೧೦೦ರಲ್ಲಿ ಸುಮಾರು ೩೭೦ ಜೂಲ್ ಮಾತ್ರ. ಹೀಗಾಗಿ ಮಹಾಯುದ್ಧದ ಸಬ್‌ಮಷೀನ್ ಗನ್ ತೋಟಾಗಳಲ್ಲಿ ಇದು ದುರ್ಬಲವಾದವುಗಳ ಸಾಲಿಗೆ ಸೇರುತ್ತದೆ. ಹಿಮ್ಮೆಟ್ಟು ಕಡಿಮೆಯಾಗಿದ್ದುದರಿಂದ ಗನ್ನನ್ನು ಹತೋಟಿಯಲ್ಲಿಡುವುದು ಸುಲಭವಾಗಿತ್ತು.

ಆಟಗಳಲ್ಲಿ ಸರಿಯಾಗಿರುವ ಅಂಶಗಳು

ಟೈಪ್ ೧೦೦ರ ಮ್ಯಾಗಜೀನ್ ಬಾಗಿದ ಆಕಾರದ್ದಾಗಿದ್ದು ಗನ್ನಿನ ಎಡಭಾಗದಿಂದ ಅಡ್ಡಲಾಗಿ ಸೇರುತ್ತದೆ. ಅದರಲ್ಲಿ ೩೦ ತೋಟಾಗಳಿರುತ್ತವೆ. ವರ್ಲ್ಡ್ ಅಟ್ ವಾರ್ ಆಟದಲ್ಲಿ ಮ್ಯಾಗಜೀನಿನ ಸ್ಥಾನ ಮತ್ತು ತೋಟಾಗಳ ಮೂಲಸಂಖ್ಯೆ ಎರಡೂ ವಾಸ್ತವಕ್ಕೆ ಹೊಂದುತ್ತವೆ. ಬೋಲ್ಟ್ ಹಿಂದೆ ನಿಂತ ಸ್ಥಿತಿಯಿಂದ ಹಾರುವ ಗನ್ ಇದಾದುದರಿಂದ ನಳಿಗೆಯೊಳಗೆ ಒಂದು ಹೆಚ್ಚುವರಿ ತೋಟಾವನ್ನು ಇರಿಸಿಕೊಳ್ಳುವ ಪದ್ಧತಿ ಇರಲಿಲ್ಲ. ಆದ್ದರಿಂದ ೩೧ ಎಂದಾಗದೆ ೩೦ ಎಂದಿರುವುದೇ ಸರಿ.

ವ್ಯತ್ಯಾಸಗಳು

ಹಾರುವ ವೇಗ: ೧೯೪೨ರ ಮಾದರಿಯು ನಿಮಿಷಕ್ಕೆ ಸುಮಾರು ೪೫೦ ಗುಂಡುಗಳನ್ನು ಹಾರಿಸುತ್ತಿತ್ತು. ತಯಾರಿಕೆಯನ್ನು ಸರಳಗೊಳಿಸಿದ ೧೯೪೪ರ ಮಾದರಿಯಲ್ಲಿ ಈ ವೇಗ ಸುಮಾರು ೮೦೦ಕ್ಕೆ ಏರಿತು. ಪೂರ್ಣ ಮ್ಯಾಗಜೀನ್ ಮೊದಲನೆಯದರಲ್ಲಿ ೪ ಸೆಕೆಂಡುಗಳಲ್ಲಿಯೂ ಎರಡನೆಯದರಲ್ಲಿ ಎರಡೂಕಾಲು ಸೆಕೆಂಡುಗಳಲ್ಲಿಯೂ ಮುಗಿಯುತ್ತದೆ. ಆಟವೊಂದು ಯಾವ ಮಾದರಿಯನ್ನು ಅನುಸರಿಸಿದೆ ಎಂಬುದನ್ನು ಈ ಲೆಕ್ಕದಿಂದ ಪರೀಕ್ಷಿಸಬಹುದು.

ಗುಂಡಿನ ಶಕ್ತಿ: ಬಹು ಆಟಗಾರರ ಸ್ಪರ್ಧೆಯಲ್ಲಿ ಎಲ್ಲ ಪಕ್ಷಗಳಿಗೂ ಸಮಾನ ಅವಕಾಶವಿರಬೇಕೆಂಬುದು ಆಟದ ನಿಯಮ. ಅದಕ್ಕಾಗಿ ಗುಂಡುಗಳ ಪರಿಣಾಮವನ್ನು ಜೂಲ್‌ಗಳಲ್ಲಿ ಅಳೆಯದೆ ಅಂಕಗಳಲ್ಲಿ ನಿಗದಿಪಡಿಸಲಾಗುತ್ತದೆ. ಹೀಗೆ ಬೇರೆ ಬೇರೆ ದೇಶಗಳ ತೋಟಾಗಳ ನಡುವಣ ನೈಜ ಅಂತರವು ಬಹುಪಾಲು ಅಳಿಸಿಹೋಗುತ್ತದೆ. ವರ್ಲ್ಡ್ ಅಟ್ ವಾರ್‌ನಲ್ಲಿ ಗುಂಡು ಕ್ಷಣಮಾತ್ರದಲ್ಲಿ ಗುರಿಯನ್ನು ಮುಟ್ಟುತ್ತದೆ. ಬ್ಯಾಟಲ್‌ಫೀಲ್ಡ್ ೫ರಲ್ಲಿ ಗುಂಡಿನ ಪ್ರಯಾಣಕಾಲ ಮತ್ತು ಇಳಿಜಾರನ್ನು ಗಣಿಸಲಾಗಿದೆ. ವಾಸ್ತವದಲ್ಲಿ ೧೦೦ ಮೀಟರ್ ಕ್ರಮಿಸಲು ನಂಬು ಗುಂಡಿಗೆ ಸೆಕೆಂಡಿನ ಮೂರನೆಯ ಒಂದು ಭಾಗದಷ್ಟು ಕಾಲ ಬೇಕು.

ಮ್ಯಾಗಜೀನ್ ಬದಲಾವಣೆ: ಅರ್ಧ ಖಾಲಿಯಾದ ಮ್ಯಾಗಜೀನನ್ನು ಬದಲಿಸಿದಾಗ ಉಳಿದ ಗುಂಡುಗಳು ತಾವಾಗಿಯೇ ಒಟ್ಟು ಸಂಗ್ರಹಕ್ಕೆ ಮರಳುವುದು ಇಂತಹ ಆಟಗಳ ರೂಢಿ. ಸೈನಿಕನು ಆ ಗುಂಡುಗಳನ್ನು ಕೈಯಿಂದಲೇ ಮತ್ತೆ ತುಂಬಬೇಕಾಗಿತ್ತು.

ಲಭ್ಯತೆ: ವರ್ಲ್ಡ್ ಅಟ್ ವಾರ್‌ನ ಪೆಸಿಫಿಕ್ ಕಥಾಭಾಗವು ೧೯೪೨ರ ಆಗಸ್ಟ್ ತಿಂಗಳ ಮೇಕಿನ್ ದ್ವೀಪದಿಂದ ಆರಂಭವಾಗಿ ಪೆಲೆಲಿಯು ಮತ್ತು ಓಕಿನಾವಾಗಳತ್ತ ಸಾಗುತ್ತದೆ. ಆಟಗಾರನಿಗೆ ಟೈಪ್ ೧೦೦ ಸಾಮಾನ್ಯ ಆಯುಧವೆಂಬಂತೆ ತೋರುತ್ತದೆ. ಆದರೆ ಜಪಾನಿನ ಪದಾತಿಯ ಮುಖ್ಯ ಆಯುಧ ಬೋಲ್ಟ್ ರೈಫಲ್ ಆಗಿತ್ತು. ಅಮೆರಿಕ, ಬ್ರಿಟನ್ ಮತ್ತು ಸೋವಿಯತ್ ಒಕ್ಕೂಟಗಳು ಲಕ್ಷಗಟ್ಟಲೆ ಸಬ್‌ಮಷೀನ್ ಗನ್ನುಗಳನ್ನು ತಯಾರಿಸುತ್ತಿದ್ದಾಗ ಟೈಪ್ ೧೦೦ರ ಒಟ್ಟು ತಯಾರಿಕೆಯು ಸಾವಿರಗಳ ಲೆಕ್ಕವನ್ನು ದಾಟಲಿಲ್ಲ.

ವಾಸ್ತವದ ಬಳಕೆ

ಈ ಗನ್ ಮುಖ್ಯವಾಗಿ ಪ್ಯಾರಾಚೂಟ್ ಪಡೆಗಳಂತಹ ವಿಶೇಷ ದಳಗಳಿಗೆ ದೊರೆಯಿತು. ಅವರಿಗಾಗಿ ಹಿಡಿಯನ್ನು ಮಡಚಬಹುದಾದ ರೂಪವೂ ಸಿದ್ಧವಾಗಿತ್ತು. ೧೯೪೪ರ ಡಿಸೆಂಬರ್‌ನಲ್ಲಿ ಫಿಲಿಪ್ಪೀನ್ಸ್‌ನ ಲೇಟೆ ದ್ವೀಪದಲ್ಲಿ ಇಳಿದ ಪಡೆಗಳು ಇದನ್ನು ಬಳಸಿದವು. ೧೯೪೫ರ ಮೇ ೨೪ರ ರಾತ್ರಿ ಓಕಿನಾವಾದ ಯೊಂತಾನ್ ವಿಮಾನ ನಿಲ್ದಾಣದ ಮೇಲೆ ಗಿರೆತ್ಸು ದಳವು ನಡೆಸಿದ ದಾಳಿಯಲ್ಲಿಯೂ ಈ ಗನ್ನುಗಳಿದ್ದವು. ಹೊರಟ ವಿಮಾನಗಳಲ್ಲಿ ಒಂದು ಮಾತ್ರ ನಿಲ್ದಾಣದಲ್ಲಿ ಇಳಿಯಿತು. ಅದರಿಂದ ಹೊರಬಂದ ಕೆಲವೇ ಸೈನಿಕರು ೯ ವಿಮಾನಗಳನ್ನು ನಾಶಪಡಿಸಿ, ಸುಮಾರು ೭೦,೦೦೦ ಗ್ಯಾಲನ್ ಇಂಧನಕ್ಕೆ ಬೆಂಕಿ ಹಚ್ಚಿದರು. ದಾಳಿಗೆ ಹೊರಡುವಾಗಲೇ ಅವರಿಗೆ ಹಿಂದಿರುಗುವ ಮಾರ್ಗವಿರಲಿಲ್ಲ.

ಚಾರಿತ್ರಿಕ ಮಹತ್ವ

ಆಟದ ತಯಾರಕರು ಸಮತೋಲನಕ್ಕಾಗಿ ಮಾಡುವ ಬದಲಾವಣೆಗಳು ಆಟದ ಮಟ್ಟಿಗೆ ಸಹಜವೇ ಆಗಿವೆ. ಆದರೆ ಇತಿಹಾಸದ ವಿದ್ಯಾರ್ಥಿಗೆ ಆಯುಧದ ಕೊರತೆಯೇ ಮುಖ್ಯವಾದ ಸಂಗತಿ. ಸೀಮಿತ ಕೈಗಾರಿಕಾ ಸಾಮರ್ಥ್ಯ, ರೈಫಲ್ ಮತ್ತು ಬಯೋನೆಟ್‌ಗಳ ಮೇಲೆ ಸೇನೆಯು ಇರಿಸಿದ್ದ ಅತಿಯಾದ ಭರವಸೆ ಹಾಗೂ ಸಬ್‌ಮಷೀನ್ ಗನ್ನಿನ ವಿಳಂಬಿತ ಅಂಗೀಕಾರ ಇವು ಜಪಾನಿ ಸೈನಿಕನ ಸ್ಥಿತಿಯನ್ನು ನಿರ್ಧರಿಸಿದವು. ಹತ್ತಿರದ ಕಾಳಗದಲ್ಲಿ ಅವನು ಬಹುತೇಕ ಒಂದೊಂದೇ ಗುಂಡು ಹಾರಿಸುವ ರೈಫಲ್ ಹಿಡಿದು ಸ್ವಯಂಚಾಲಿತ ಆಯುಧಗಳನ್ನು ಎದುರಿಸಬೇಕಾಯಿತು. ಪರದೆಯ ಮೇಲೆ ಎರಡು ಪಕ್ಷಗಳೂ ಸರಿಸಮಾನವಾಗಿ ನಿಂತಾಗ ಈ ಅಸಮಾನತೆಯು ಕಣ್ಮರೆಯಾಗುತ್ತದೆ.